ಮಿಲ್ಲಿನ ಎಲ್ಲ ರೈತರಿಗೂ ಒಂದೇ ಫೋನ್ ನಂಬರ್: 2147483647. ಏನಿದು?

ತೂಕದಚೀಟಿ, ಗಂಗಾವತಿ

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷ ಆಯ್ತು. ಮೊದಲು ಕೆಂಪು ಬಟ್ಟೆ ಹೊದಿಕೆಯ ಉದ್ದನೆ ಖಾತೆ ಪುಸ್ತಕ, ಆಮೇಲೆ ಎಕ್ಸೆಲ್, ಈಗ ಎರಡು ತಿಂಗಳಿಂದ ಹೊಸ ಸಾಫ್ಟ್‌ವೇರ್. ಮಾಡಿಕೊಟ್ಟವರು ಯಾರು ಅನ್ನುವುದು ಬೇಡ. ಹುಡುಗರು ಒಳ್ಳೆಯವರೇ, ಫೋನ್ ಮಾತ್ರ ಎತ್ತುವುದಿಲ್ಲ.

ರೈತರು ಭತ್ತ ತಂದಾಗ ಹೆಸರು, ಊರು, ಎಷ್ಟು ಚೀಲ, ತೂಕ, ಮೊಬೈಲ್ ನಂಬರ್ ಇಷ್ಟನ್ನು ನಾನು ಟೈಪ್ ಮಾಡಬೇಕು. ದುಡ್ಡು ರೆಡಿ ಆದ ದಿನ ಆ ನಂಬರಿಗೆ ತಾನಾಗಿಯೇ ಮೆಸೇಜ್ ಹೋಗಬೇಕು. ಹೋಗುತ್ತಿರಲಿಲ್ಲ. ಕಾರಟಗಿ ಕಡೆಯ ರೈತರೊಬ್ಬರು ಮೂರು ಸಲ ಬಸ್ ಹತ್ತಿ ಬಂದವರು, ನಾಲ್ಕನೇ ಸಲ ನನ್ನ ಟೇಬಲ್ ಮುಂದೆ ನಿಂತು, "ನಿಮ್ ಕಂಪ್ಯೂಟರಿಗೆ ನನ್ ಮ್ಯಾಲ ಏನ್ ಸಿಟ್ಟು?" ಅಂದರು. ತೆಗೆದು ನೋಡಿದೆ. ಅವರ ನಂಬರ್ ಇರಬೇಕಾದ ಜಾಗದಲ್ಲಿ 2147483647. ಮೇಲಿನವರದ್ದೂ ಅದೇ, ಕೆಳಗಿನವರದ್ದೂ ಅದೇ. ಪಟ್ಟಿಯನ್ನು ಕೊನೆತನಕ ಎಳೆದೆ. 318 ರೈತರು, ಒಂದೇ ನಂಬರ್. ನಾನು ಒಂದೊಂದೇ ನಂಬರ್ ಕೇಳಿ, ತಿರುಗಿ ಓದಿ ಹೇಳಿ, ಟೈಪ್ ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ.

ಆ ನಂಬರಿಗೆ ಫೋನ್ ಹಚ್ಚಿಯೂ ನೋಡಿದೆ. ನಂಬರ್ ಪರಿಶೀಲಿಸಿ ಅಂತ ರೆಕಾರ್ಡಿಂಗ್ ಹೇಳಿತು. ಅದನ್ನೇ ಅಲ್ವಾ ಮಾಡುತ್ತಿರುವುದು.

ಈಗ ನನ್ನ ಇನ್ನೊಂದು ವಿಷಯ. ನಗಬೇಡಿ. ಸಂಖ್ಯೆ ಕಂಡರೆ ಭಾಗಿಸುವ ಚಟ ನನಗೆ. ಬಿ.ಎಸ್ಸಿ ಎರಡನೇ ವರ್ಷಕ್ಕೆ ಬಿಟ್ಟೆ, ಚಟ ಬಿಡಲಿಲ್ಲ. ಗೇಟಿನಲ್ಲಿ ಲಾರಿ ನಿಂತರೆ ಡ್ರೈವರ್ ಮುಖಕ್ಕಿಂತ ಮೊದಲು ನಂಬರ್ ಪ್ಲೇಟ್ ನೋಡುತ್ತೇನೆ. ಅವಿಭಾಜ್ಯವೋ (1 ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಭಾಗ ಆಗದ್ದೋ) ಅಂತ ನೋಡಲಿಕ್ಕೆ, ನಾಲ್ಕಂಕಿ ಸಂಖ್ಯೆಯಾದರೆ 97ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು, ಒಟ್ಟು 25. ತೂಕ ಮುಗಿದು ಚೀಟಿ ಬರುವುದರೊಳಗೆ ಮನಸ್ಸಿನಲ್ಲೇ ಆಗುತ್ತದೆ. ಹೋದ ವಾರ 2047 ಅಂತ ಒಂದು ಬಂದಿತ್ತು. ನೋಡಲಿಕ್ಕೆ ಪಕ್ಕಾ ಅವಿಭಾಜ್ಯ. 19ರವರೆಗೂ ಬಗ್ಗಲಿಲ್ಲ. 23ಕ್ಕೆ ಬಿತ್ತು: 23 × 89. (ಅಂದಹಾಗೆ ನಮ್ಮ ಕೊಪ್ಪಳದ ಕೆಎ-37 ಅವಿಭಾಜ್ಯ. ರಾಯಚೂರಿನ 36, ಬಳ್ಳಾರಿಯ 34, ಹೊಸಪೇಟೆಯ 35, ಯಾವುದೂ ಅಲ್ಲ. ನಮಗೂ ಒಂದು ಇರಲಿ.)

ಹಾಗೇ ಈ ಹತ್ತಂಕಿಯನ್ನೂ ಹಿಡಿದುಕೊಂಡೆ. ಅಂಕಿ ಕೂಡಿದರೆ 46, ಹಾಗಾಗಿ 3ಕ್ಕೆ ಹೋಗಲ್ಲ. 7ರಿಂದ ಭಾಗಿಸಿದರೆ 1 ಉಳಿಯಿತು. 11ಕ್ಕೂ 1. 13ಕ್ಕೆ 10. ಎರಡು ಸಂಜೆ ಕೂತು 200 ದಾಟಿದೆ, ಒಂದೂ ಸರಿಯಾಗಿ ಹೋಗಲಿಲ್ಲ. ಮಗಳು ಸೆಕೆಂಡ್ ಪಿಯು. ಫೋನಿನಲ್ಲಿ ಏನೋ ಒತ್ತಿ, "ಅಪ್ಪಾ, ಅದು ಪ್ರೈಮಂತೆ, ಬಿಡು" ಅಂದಳು.

ಬಿಡಲಿಕ್ಕೆ ಆಗುತ್ತಿಲ್ಲ. ಈ ನಂಬರ್ ನಮ್ಮ ಸಾಫ್ಟ್‌ವೇರಿಗೆ ಎಲ್ಲಿಂದ ಬಂತು? ಅದು ಅವಿಭಾಜ್ಯ ಆಗಿರುವುದಕ್ಕೂ ಇದಕ್ಕೂ ಸಂಬಂಧ ಇದೆಯಾ? ಇದರ ವರ್ಗಮೂಲ 46340ರ ಮೇಲೆ ಚೂರು. ಅಲ್ಲಿಯವರೆಗಿನ ಎಲ್ಲ ಅವಿಭಾಜ್ಯದಿಂದ ಭಾಗಿಸಬೇಕು ಅಂದರೆ ಸಾವಿರಗಟ್ಟಲೆ ಭಾಗಾಕಾರ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದನ್ನು ಯಾರಾದರೂ ಕೈಯಲ್ಲಿ ಮಾಡಿದ್ದರಾ?

ಜೀನ್ಸ್‌ಗಲ್ಲಿ, ಬಳ್ಳಾರಿ

ಅಣ್ಣಾ, ನಿಮ್ಮದು ಹಳೇ ರೋಗ, ನನಗೂ ಒಂದ್ಸಲ ಬಂದಿತ್ತು. ನಿಮ್ಮ ತಪ್ಪಿಲ್ಲ.

ಸಾಫ್ಟ್‌ವೇರ್ ಬರೆದವರು ಮೊಬೈಲ್ ನಂಬರ್ ಇಡುವ ಜಾಗಕ್ಕೆ "ಪೂರ್ಣಾಂಕ" ಅಂತ ಹೇಳಿದ್ದಾರೆ. ಡೇಟಾಬೇಸ್ ಅದಕ್ಕೆ 32 ಬಿಟ್ ಕೊಟ್ಟಿದೆ. ಬಿಟ್ ಅಂದರೆ ಒಂದು ಸ್ವಿಚ್ ಅಂದುಕೊಳ್ಳಿ, ಆನ್ ಅಥವಾ ಆಫ್. ಒಂದು ಸ್ವಿಚ್ ಪ್ಲಸ್ಸೋ ಮೈನಸ್ಸೋ ಅಂತ ಹೇಳಲಿಕ್ಕೆ ಹೋಯಿತು. ಉಳಿದವು 31. ಮೂವತ್ತೊಂದೂ ಆನ್ ಆದಾಗ ಬರುವ ಸಂಖ್ಯೆ, 2ರ 31ನೇ ಘಾತದಲ್ಲಿ 1 ಕಳೆದದ್ದು: 214 ಕೋಟಿ 74 ಲಕ್ಷ 83 ಸಾವಿರದ 647. ಹಳೇ ಲೂನಾ ಮೀಟರ್ 99999ಕ್ಕೆ ಬಂದು ನಿಂತ ಹಾಗೆ. ಅದರ ಮೇಲೆ ಆ ಜಾಗದಲ್ಲಿ ಹಿಡಿಸುವುದಿಲ್ಲ.

ನಮ್ಮ ದೇಶದ ಮೊಬೈಲ್ ನಂಬರ್ ಎಲ್ಲ 6, 7, 8, 9ರಿಂದ ಶುರು. ಅಂದರೆ ಎಲ್ಲವೂ 600 ಕೋಟಿಗಿಂತ ಜಾಸ್ತಿ. ಕೆಲವು ಡೇಟಾಬೇಸ್ "ಹಿಡಿಸಲ್ಲ" ಅಂತ ಎರರ್ ಕೊಡುತ್ತವೆ. ಕೆಲವು ಬಾಯಿ ಬಿಡದೆ ತಮ್ಮಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯನ್ನು ಬರೆದುಕೊಂಡು ಕೂರುತ್ತವೆ. ನಿಮ್ಮದು ಎರಡನೇ ಜಾತಿ. ಹಾಕಿದ ನಂಬರ್ ಒಳಗೆ ಎಲ್ಲೂ ಉಳಿದಿರುವುದಿಲ್ಲ, ಹುಡುಕಬೇಡಿ. 318 ಜನರದ್ದೂ ಮತ್ತೆ ಟೈಪ್ ಮಾಡಬೇಕು. ಅದಕ್ಕೆ ಮುಂಚೆ ಆ ಜಾಗವನ್ನು "ಪಠ್ಯ" ಅಂತ ಬದಲಾಯಿಸಲು ಹೇಳಿ. ಫೋನ್ ನಂಬರನ್ನು ಯಾರೂ ಕೂಡಲ್ಲ, ಕಳೆಯಲ್ಲ. ಅದು ಅಂಕಿಯಲ್ಲಿ ಬರೆದ ಹೆಸರು ಅಷ್ಟೇ.

ಇದೇ ಸಂಖ್ಯೆ ಇನ್ನೊಂದು ಕಡೆಯೂ ಕಾದು ಕೂತಿದೆ. ಬಹಳ ಕಂಪ್ಯೂಟರ್‌ಗಳು ಹೊತ್ತನ್ನು 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಆಯ್ತು ಅಂತ ಎಣಿಸುತ್ತವೆ. 32 ಬಿಟ್‌ನಲ್ಲೇ ಎಣಿಸುವ ಹಳೆಯ ಯಂತ್ರಗಳಿಗೆ 2038ರ ಜನವರಿ 19, ಮಂಗಳವಾರ, ನಮ್ಮ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಈ ಸಂಖ್ಯೆ ತುಂಬುತ್ತದೆ. ಒಗ್ಗರಣೆ ಮಿರ್ಚಿ ತಿನ್ನುವ ಹೊತ್ತು. ಮುಂದಿನ ಸೆಕೆಂಡಿಗೆ ಅವು 1901ಕ್ಕೆ ಹೋಗುತ್ತವೆ.

ಅವಿಭಾಜ್ಯ ಯಾಕೆ ಅಂದರೆ, 31 ಅವಿಭಾಜ್ಯ ಅಲ್ವಾ. ಘಾತ ಅವಿಭಾಜ್ಯ ಆದರೆ ಉತ್ತರವೂ ಅವಿಭಾಜ್ಯ ಆಗುತ್ತದೆ ಅಂತ ಓದಿದ ನೆನಪು.

ಸೀಮೆಸುಣ್ಣ, ರಾಯಚೂರು

ಬಳ್ಳಾರಿಯ ತಮ್ಮಾ, ಸ್ವಿಚ್ಚಿನ ಮಾತು ಚೆನ್ನಾಗಿ ಹೇಳಿದೆ. ಕೊನೆಯ ಸಾಲು ತಪ್ಪು. ತಿರುಗಿಸಿ ಹೇಳಿದರೆ ಸರಿ: ಉತ್ತರ ಅವಿಭಾಜ್ಯ ಆಗಬೇಕಾದರೆ ಘಾತ ಅವಿಭಾಜ್ಯ ಆಗಿರಲೇಬೇಕು. ಆದರೆ ಅಷ್ಟೇ ಸಾಲದು. ಸಾಕ್ಷಿ ಹೋದ ವಾರ ಮಿಲ್ಲಿನ ಗೇಟಿಗೇ ಬಂದು ನಿಂತಿತ್ತು. 2047 ಅಂದರೆ 2ರ 11ನೇ ಘಾತದಲ್ಲಿ 1 ಕಮ್ಮಿ. 11 ಅವಿಭಾಜ್ಯ, 2047 ಅಲ್ಲ.

ಹಾಗಾಗಿ ಕಂಪ್ಯೂಟರಿಗೂ ಅವಿಭಾಜ್ಯಕ್ಕೂ ಸಂಬಂಧ ಇಲ್ಲ, ಸುಮ್ನೆ ಕೂಡಿ ಬಂದಿದೆ. 16 ಬಿಟ್ಟಿನ ಮಿತಿ 32767. ಅದು 7 × 31 × 151. ಈಗಿನ 64 ಬಿಟ್ಟಿನ ಮಿತಿ ಹತ್ತೊಂಬತ್ತು ಅಂಕಿಯದು, ಅದನ್ನು 7 ಎರಡು ಸಲ ಭಾಗಿಸುತ್ತದೆ. ಈ ಮೂರರಲ್ಲಿ ನಡುವಿನ 32ಕ್ಕೆ ಮಾತ್ರ ಈ ಅದೃಷ್ಟ.

ಇನ್ನು ಕೈಯಲ್ಲಿ ಮಾಡಿದವರ ಮಾತು. ಮಾಡಿದ್ದಾರೆ. 2ರ ಘಾತದಲ್ಲಿ 1 ಕಳೆದ ಇಂಥ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆ ಅಂತ ಹೆಸರು. ಮರ್ಸೆನ್ ಅನ್ನುವ ಫ್ರಾನ್ಸಿನ ಪಾದ್ರಿ 1644ರಲ್ಲಿ ಯಾವ ಯಾವ ಘಾತಕ್ಕೆ ಅವಿಭಾಜ್ಯ ಬರುತ್ತದೆ ಅಂತ ಒಂದು ಪಟ್ಟಿ ಕೊಟ್ಟರು. 31 ಅದರಲ್ಲಿತ್ತು. 67 ಕೂಡ ಇತ್ತು, ಅದು ತಪ್ಪು. 61 ಇರಬೇಕಿತ್ತು, ಇರಲಿಲ್ಲ. ಪಟ್ಟಿ ಕೊಡುವುದು ಸುಲಭ. 31ರದ್ದು ಅವಿಭಾಜ್ಯವೇ ಅಂತ ಸಾಧಿಸಿ ತೋರಿಸಿದವರು ಆಯ್ಲರ್ ಅನ್ನುವ ಗಣಿತಜ್ಞರು, 1772ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕೂತು. ವಯಸ್ಸು 65ರ ಸುಮಾರು. ಅಷ್ಟು ಹೊತ್ತಿಗೆ ಅವರಿಗೆ ಕಣ್ಣು ಹೆಚ್ಚುಕಮ್ಮಿ ಕಾಣುತ್ತಲೇ ಇರಲಿಲ್ಲ.

46340ರವರೆಗೆ 4,700ಕ್ಕೂ ಹೆಚ್ಚು ಅವಿಭಾಜ್ಯಗಳಿವೆ. ಅಷ್ಟರಿಂದಲೂ ಅವರು ಭಾಗಿಸಲಿಲ್ಲ. ಯಾವುದರಿಂದ ಭಾಗಿಸುವುದು ದಂಡ ಅಂತ ಮೊದಲು ಕಂಡುಕೊಂಡರು. ಅದು ಹೇಗೆ ಅಂತ ನಿಮ್ಮ 2047ರಲ್ಲೇ ತೋರಿಸುತ್ತೇನೆ, ಪೆನ್ನು ತೆಗೆದುಕೊಳ್ಳಿ.

2ರಿಂದ ಶುರು ಮಾಡಿ ದ್ವಿಗುಣ ಮಾಡುತ್ತಾ ಹೋಗಿ. 23 ದಾಟಿದರೆ 23 ಕಳೆಯಿರಿ. 2, 4, 8, 16, ಆಮೇಲೆ 32, ಅದರಲ್ಲಿ 23 ಹೋದರೆ 9. ಮುಂದೆ 18, 13, 3, 6, 12, 1. ಹನ್ನೊಂದನೇ ಹೆಜ್ಜೆಗೆ 1 ಬಂತು. ಮತ್ತೆ 2, 4, 8 ಅಂತ ಅದೇ ಸುತ್ತು. 2ರ 11ನೇ ಘಾತವನ್ನು 23ರಿಂದ ಭಾಗಿಸಿದರೆ 1 ಉಳಿಯುತ್ತದೆ ಅಂತಾಯಿತು. ಅಂದರೆ 2047 ಸರಿಯಾಗಿ ಹೋಗುತ್ತದೆ.

ಈಗ ಫರ್ಮಾ ಅನ್ನುವ ಗಣಿತಜ್ಞರ ಒಂದು ಮಾತು ಸೇರಿಸಿ. ಭಾಗಿಸುವ ಸಂಖ್ಯೆ 2 ಬಿಟ್ಟು ಬೇರೆ ಅವಿಭಾಜ್ಯ ಆಗಿದ್ದರೆ, ಅದಕ್ಕಿಂತ ಒಂದು ಕಮ್ಮಿ ಹೆಜ್ಜೆಗೆ 1 ಬಂದೇ ಬರುತ್ತದೆ. 23ಕ್ಕೆ 22ನೇ ಹೆಜ್ಜೆ. ಸುತ್ತು 11ರದ್ದು, 22ನೇ ಹೆಜ್ಜೆಗೂ 1 ಬರಬೇಕು, ಹಾಗಾಗಿ 22ರಲ್ಲಿ 11 ಸರಿಯಾಗಿ ಕೂರಲೇಬೇಕು. 89ನ್ನೂ ನೋಡಿ: 88ರಲ್ಲಿ 11 ಎಂಟು ಸಲ.

ನಿಮ್ಮ ಹತ್ತಂಕಿಗೂ ಇದೇ ನ್ಯಾಯ. ಯಾವುದೋ ಒಂದು ಅವಿಭಾಜ್ಯ ಅದನ್ನು ಶೇಷ ಇಲ್ಲದೆ ಭಾಗಿಸುತ್ತದೆ ಅಂತ ಇಟ್ಟುಕೊಳ್ಳಿ. ಆಗ 31ನೇ ಹೆಜ್ಜೆಗೆ 1 ಬರುತ್ತದೆ. 31 ಅವಿಭಾಜ್ಯ ಆದ್ದರಿಂದ ಅದರೊಳಗೆ ಚಿಕ್ಕ ಸುತ್ತು ಕೂರುವ ಹಾಗಿಲ್ಲ, ಸುತ್ತು ಸರಿಯಾಗಿ 31ರದ್ದೇ. ಹಾಗಾದರೆ ಭಾಜಕದಲ್ಲಿ 1 ಕಳೆದರೆ ಅದು 31ರಿಂದ ಭಾಗ ಆಗಬೇಕು. ಭಾಜಕ ಬೆಸ ಸಂಖ್ಯೆ, 1 ಕಳೆದರೆ ಸಮ. ಆದ್ದರಿಂದ 62ರಿಂದಲೂ ಭಾಗ ಆಗಬೇಕು. 63, 125, 187, 249 ಹೀಗೆ 62ರ ಹಾದಿಯಲ್ಲಿ ಬರುವವು ಮಾತ್ರ ಪರೀಕ್ಷೆಗೆ ಯೋಗ್ಯ. ನೀವು 7, 11, 13 ಅಂತ ಎರಡು ಸಂಜೆ ಕಳೆದಿರಲ್ಲ, ಅವುಗಳಲ್ಲಿ ಒಂದಕ್ಕೂ ಟಿಕೆಟ್ಟೇ ಇರಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು ಜರಡಿ ಇದೆ. ಭಾಜಕವನ್ನು 8ರಿಂದ ಭಾಗಿಸಿದರೆ 1 ಅಥವಾ 7 ಮಾತ್ರ ಉಳಿಯಬೇಕು. ಅದರ ಸಾಧನೆ ಇಲ್ಲಿ ಬರೆದರೆ ನೀವೆಲ್ಲ ಎದ್ದು ಹೋಗುತ್ತೀರಿ, ನಂಬಿ. ಎರಡೂ ಜರಡಿ ಹಿಡಿದರೆ ಉಳಿಯುವುದು ಎರಡೇ ಸಾಲು: 248ರ ಅಪವರ್ತ್ಯಕ್ಕೆ 1 ಕೂಡಿದ್ದು, ಅಥವಾ 63 ಕೂಡಿದ್ದು. 46340ರೊಳಗೆ ಒಂದೊಂದು ಸಾಲಿನಲ್ಲಿ 186. ಒಟ್ಟು 372. ಮೊದಲಿಗೇ ಬರುವ 63ನ್ನು ಎಣಿಸಿಲ್ಲ, ಅದು 7 × 9. ಈ 372ರಲ್ಲೂ 3, 5, 7ಕ್ಕೆ ಹೋಗುವವನ್ನು ಹೊಡೆದು ಹಾಕಿದರೆ ಇನ್ನೂ ಕಮ್ಮಿ.

ತೂಕದಚೀಟಿ, ಗಂಗಾವತಿ

ಸರ್, ನಿಮ್ಮ ಉತ್ತರವನ್ನು ಮೂರು ಸಲ ಓದಿದೆ. ಮೊದಲ ಸಲ ಅರ್ಥ ಆಗಲಿಲ್ಲ. ಎರಡನೇ ಸಲ 23ರ ಸುತ್ತನ್ನು ಖಾಲಿ ಚೀಟಿಯ ಹಿಂದೆ ಬರೆದೆ. ಹನ್ನೊಂದನೆಯದಕ್ಕೆ 1 ಬಂದಾಗ ಒಬ್ಬನೇ "ಅಬ್ಬಾ" ಅಂದುಬಿಟ್ಟೆ. ಹಮಾಲರು ತಿರುಗಿ ನೋಡಿದರು.

2047 ಲಾರಿಯ ವಿಷಯಕ್ಕೆ ನಿಜಕ್ಕೂ ಮೈ ಜುಂ ಅಂದಿತು. ಅದನ್ನು ಬರೆಯಬೇಕೋ ಬೇಡವೋ ಅಂತ ಅಳಿಸಿ ಮತ್ತೆ ಬರೆದಿದ್ದೆ.

ಶನಿವಾರ ಲೋಡ್ ಕಮ್ಮಿ ಇತ್ತು. ಮಗಳನ್ನೂ ಕೂರಿಸಿಕೊಂಡೆ. ಅವಳು ಎರಡು ಸಾಲನ್ನೂ ಬರೆಯುತ್ತಾ ಹೋದಳು, ನಾನು ಹೊಡೆದು ಹಾಕುತ್ತಾ ಹೋದೆ. 249 ಅಂದರೆ 3 × 83, ಹೋಯಿತು. 311 ಅವಿಭಾಜ್ಯ, ಇರಲಿ. 497 ಅಂದರೆ 7 × 71. 559 ಒಳ್ಳೆ ಮೋಸಗಾರ, 13 × 43. 745, 807, 993, 1055 ಎಲ್ಲ ಹೋದವು. 1241 ಕೂಡ ಮುಖ ನೋಡಿದರೆ ಸಾಚಾ, ಆದರೆ 17 × 73. ಹೀಗೆ 311 ಬಿಟ್ಟರೆ ಭಾಗಿಸಿ ನೋಡಬೇಕಾದ ಮುಂದಿನದು 1303ಕ್ಕೇ ಸಿಕ್ಕಿದ್ದು! ಸಾವಿರದವರೆಗೆ ನಾನು ನೂರಾರು ಭಾಗಾಕಾರ ಮಾಡಬೇಕು ಅಂದುಕೊಂಡಿದ್ದ ಜಾಗದಲ್ಲಿ ಬೇಕಾಗಿದ್ದು ಒಂದೇ ಒಂದು.

ಆಫೀಸಿನದು 12 ಅಂಕಿಯ ಕ್ಯಾಲ್ಕುಲೇಟರ್. 311ರಿಂದ ಭಾಗಿಸಿದರೆ 6905092 ಚುಕ್ಕೆ ಏನೋ ಬಂತು. ಚುಕ್ಕೆಯ ಹಿಂದಿನದನ್ನು ಬಿಟ್ಟು ತಿರುಗಿ 311ರಿಂದ ಗುಣಿಸಿದೆ: 2147483612. ಉಳಿದದ್ದು 35. ಮುಂದೆ 1303ಕ್ಕೆ 226 ಉಳಿಯಿತು. 1489ಕ್ಕೆ 199. ಪ್ರತಿ ಸಲ ಈ ಬಾರಿ ಸೊನ್ನೆ ಬಂದುಬಿಟ್ಟರೆ ಅಂತ ಒಂದು ಭಯ. ಆಯ್ಲರ್ ಸುಳ್ಳಾಗಿ, ಮಗಳ ಫೋನೂ ಸುಳ್ಳಾಗಿ, ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಸತ್ಯ ಹೊರಬಿದ್ದರೆ ಅಂತ. ಬೀಳಲಿಲ್ಲ. 10,000 ದಾಟಿದ ಮೇಲೆ ಮಗಳಿಗೆ ಸಾಕಾಯ್ತು. ನಾನು ದಿನಕ್ಕೆ ಐದರ ಹಾಗೆ ಮಾಡುತ್ತಿದ್ದೇನೆ.

ಆಯ್ಲರ್‌ಗೆ ಕಣ್ಣು ಕಾಣುತ್ತಿರಲಿಲ್ಲ ಅಂದಿರಿ. ನನಗೆ ಕನ್ನಡಕ ಇದ್ದೂ 6 ಯಾವುದು 8 ಯಾವುದು ಅಂತ ಗೊತ್ತಾಗಲ್ಲ.

ಕೊನೇಬೆಂಚು, ಸಿಂಧನೂರು

ಅಂಕಲ್, ಭಾಗಾಕಾರ ಒಂದೂ ಇಲ್ಲದೆ ತೋರಿಸುವ ದಾರಿ ಇದೆ. ಲೂಕಾಸ್-ಲೆಮರ್ ಪರೀಕ್ಷೆ ಅಂತ. ನಾನು ಇಂಜಿನಿಯರಿಂಗ್ ಮೂರನೇ ವರ್ಷ, ಕೋಡ್ ಬರೆದಾಗ ಕಲಿತಿದ್ದು.

4ರಿಂದ ಶುರು. ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷೆ ಮಾಡುವ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. (ಸರಿ, ಭಾಗಾಕಾರ ಇದೆ. ಸಾರಿ.) ಮತ್ತೆ ಅದೇ. ಘಾತಕ್ಕಿಂತ 2 ಕಮ್ಮಿ ಸಲ ಮಾಡಿದಾಗ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. 127 ತೆಗೆದುಕೊಳ್ಳಿ, ಅದು 2ರ 7ನೇ ಘಾತದಲ್ಲಿ 1 ಕಮ್ಮಿ. 4, 14, ಆಮೇಲೆ 14ರ ವರ್ಗ 196, ಅದರಲ್ಲಿ 2 ಹೋಗಿ 194, ಅದರಲ್ಲಿ 127 ಹೋಗಿ 67. ಮುಂದೆ 42, 111, 0. ಐದು ಹೆಜ್ಜೆ, ಸೊನ್ನೆ. ನಿಮ್ಮ ಸಂಖ್ಯೆಗೆ 29 ಹೆಜ್ಜೆ ಸಾಕು. ಆದರೆ ನಡುವೆ ಹತ್ತಂಕಿಯ ವರ್ಗ ಬರುತ್ತದೆ, ನಿಮ್ಮ ಕ್ಯಾಲ್ಕುಲೇಟರಿಗೆ ಹಿಡಿಸಲ್ಲ. ಫೋನಿನಲ್ಲಿ ಓಡಿಸಿದೆ, ಬೆರಳು ಎತ್ತುವುದರೊಳಗೆ ಮುಗಿಯಿತು.

ಇವತ್ತಿಗೂ ದೊಡ್ಡ ದೊಡ್ಡ ಅವಿಭಾಜ್ಯ ಸಿಗುವುದು ಇದೇ ಮರ್ಸೆನ್ ಜಾತಿಯಲ್ಲಿ. 2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಅನ್ನುವವರು ಕಂಡುಹಿಡಿದದ್ದರ ಘಾತ 136279841. ಉತ್ತರದಲ್ಲಿ 4,10,24,320 ಅಂಕಿ. ಸೆಕೆಂಡಿಗೊಂದು ಅಂಕಿ ಅಂತ ಊಟ ನಿದ್ದೆ ಬಿಟ್ಟು ಓದಿದರೂ 474 ದಿನ ಮೀರುತ್ತದೆ.

ಎರೆಹೊಲ, ಯಲಬುರ್ಗಾ

ಎಲ್ಲ ಓದಿದೆ. ತಪ್ಪು ತಿಳಿಯಬೇಡಿ, ಒಂದು ಮಾತು ಕೇಳುತ್ತೇನೆ. ಇದರಿಂದ ಆಗುವುದೇನು? ನಾಲ್ಕು ಕೋಟಿ ಅಂಕಿ ಸಿಕ್ಕಿತು, ಸರಿ. ಕಡಲೆ ರೇಟು ಏರುತ್ತಾ?

ಸೀಮೆಸುಣ್ಣ, ರಾಯಚೂರು

ಏರಲ್ಲ. ನಿಮ್ಮ ಪ್ರಶ್ನೆ ಹೊಸದೇನಲ್ಲ. 1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೊ ಅನ್ನುವ ಗಣಿತಜ್ಞರು ಇದೇ ಸಂಖ್ಯೆಯ ಬಗ್ಗೆ ಹೆಚ್ಚುಕಮ್ಮಿ ಇದನ್ನೇ ಬರೆದಿದ್ದಾರೆ. ಪರಿಪೂರ್ಣ ಸಂಖ್ಯೆ ಅಂತ ಒಂದು ಜಾತಿ ಇದೆ: ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನು ಕೂಡಿದರೆ ಅದೇ ಬರಬೇಕು. 6 ಅಂಥದ್ದು, 1 + 2 + 3. 28 ಕೂಡ. ಪ್ರತಿ ಮರ್ಸೆನ್ ಅವಿಭಾಜ್ಯದ ಬೆನ್ನಿಗೂ ಒಂದು ಪರಿಪೂರ್ಣ ಸಂಖ್ಯೆ ಇರುತ್ತದೆ. ನಮ್ಮ ಹತ್ತಂಕಿಯದು 2305843008139952128. ಇದೇ ಕೊನೆ, ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲ್ಲ, ಯಾಕೆಂದರೆ ಇವು ಬರೀ ಕುತೂಹಲದ ವಸ್ತು, ಉಪಯೋಗ ಇಲ್ಲ ಅಂದರು ಬಾರ್ಲೊ. 1876ರಲ್ಲಿ, ಮೇಲಿನ ಪರೀಕ್ಷೆಯ ಹೆಸರಿನಲ್ಲಿರುವ ಲೂಕಾಸ್, 39 ಅಂಕಿಯ ಮರ್ಸೆನ್ ಅವಿಭಾಜ್ಯ ತೋರಿಸಿದರು, ಅದೂ ಕೈಯಲ್ಲೇ ಲೆಕ್ಕ ಹಾಕಿ. ಬಾರ್ಲೊ ಅವರ ಮೊದಲ ಮಾತು ಸುಳ್ಳಾಯಿತು. ಎರಡನೆಯದರ ಬಗ್ಗೆ ಬಳ್ಳಾರಿಯ ತಮ್ಮ ಹೇಳಲಿ.

ಜೀನ್ಸ್‌ಗಲ್ಲಿ, ಬಳ್ಳಾರಿ

ಸರ್ ಬೈದಿದ್ದಕ್ಕೆ ಎರಡು ದಿನ ಸುಮ್ನಿದ್ದೆ. ತಪ್ಪು ನನ್ನದೇ.

ಯಲಬುರ್ಗಾದ ಅಣ್ಣಾ, ಮೊಬೈಲ್ ಗೇಮಿನಲ್ಲಿ ದಾಳ ಉರುಳುತ್ತದಲ್ಲ, ಕಂಪ್ಯೂಟರಿಗೆ ದಾಳ ಎಲ್ಲಿಂದ ಬರಬೇಕು? ಒಂದು ಹಳೇ ವಿಧಾನದಲ್ಲಿ ಈ ಸಂಖ್ಯೆಯೇ ದಾಳ. ಒಂದು ಸಂಖ್ಯೆ ಹಿಡಿ, 16807ರಿಂದ ಗುಣಿಸು, 2147483647ರಿಂದ ಭಾಗಿಸಿ ಶೇಷ ಇಟ್ಟುಕೋ. ಅದನ್ನೇ ಮತ್ತೆ ಗುಣಿಸು. 1ರಿಂದ ಶುರು ಮಾಡಿದರೆ 16807, 282475249, 1622650073 ಅಂತ ಸೊಟ್ಟಂಬಟ್ಟ ಬರುತ್ತಾ ಹೋಗುತ್ತದೆ. 16807 ಅಂದರೆ 7ರ 5ನೇ ಘಾತ. ಭಾಜಕ ಅವಿಭಾಜ್ಯ ಆಗಿ, ಗುಣಕವನ್ನು ನೋಡಿ ಆರಿಸಿದ್ದರಿಂದ, 1ರಿಂದ 2147483646ರವರೆಗಿನ ಒಂದೊಂದು ಸಂಖ್ಯೆಯೂ ಒಂದೊಂದೇ ಸಲ ಬಂದು, ಎಲ್ಲ ಮುಗಿದ ಮೇಲೆ ಮತ್ತೆ 1ಕ್ಕೆ ಬರುತ್ತದೆ. ಮಾಸ್ತರರ 23ರ ಸುತ್ತು ಇತ್ತಲ್ಲ, ಅದೇ ಆಟ. ಅಲ್ಲಿ ಸುತ್ತು ಅರ್ಧಕ್ಕೇ ಮುಗಿದಿತ್ತು, ಇಲ್ಲಿ ಪೂರ್ತಿ. ಭಾಜಕ ಅವಿಭಾಜ್ಯ ಅಲ್ಲದಿದ್ದರೆ ಶೇಷಗಳಲ್ಲಿ ಒಂದನ್ನೂ ಬಿಡದ ಇಂಥ ಸುತ್ತು ಬರುವುದಿಲ್ಲ. ಈಗ ಇದಕ್ಕಿಂತ ಒಳ್ಳೆ ವಿಧಾನ ಬಂದಿವೆ, ಆದರೂ ಸಿ++ ಭಾಷೆಯ ಜೊತೆಗೆ ಬರುವ ಸಾಮಾನಿನಲ್ಲಿ ಇದು ಇವತ್ತಿಗೂ ಇದೆ.

ತೂಕದಚೀಟಿ ಅಣ್ಣಾ, ನಿಮ್ಮ ನಂಬರ್ ಜಾಗ ಸರಿ ಆಯ್ತಾ?

ತೂಕದಚೀಟಿ, ಗಂಗಾವತಿ

ಆಯ್ತು. ಹತ್ತನೇ ಸಲಕ್ಕೆ ಫೋನ್ ಎತ್ತಿದರು. ನೀವು ಹೇಳಿದ ಹಾಗೆ "ಪಠ್ಯ ಮಾಡಿ" ಅಂದೆ. ಆ ಕಡೆ ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಸರ್, ನಿಮಗೆ ಹೇಗೆ ಗೊತ್ತಾಯ್ತು?" ಅಂದ. ಕಾಲು ಗಂಟೆಯ ಕೆಲಸ ಅಷ್ಟೇ. ನನಗೆ ಮೂರು ದಿನ ಹಿಡಿಯಿತು. ಸದ್ಯ, ಹಳೇ ಖಾತೆ ಪುಸ್ತಕವನ್ನು ಸಾವ್ಕಾರರು ರದ್ದಿಗೆ ಹಾಕಿರಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ನಂಬರೆಲ್ಲ ಮತ್ತೆ ಹೊಡೆದೆ. ಕಾರಟಗಿಯವರಿಗೆ ಮೊದಲ ಮೆಸೇಜ್ ಹೋಯಿತು. ಅವರು ತಿರುಗಿ ಫೋನ್ ಮಾಡಿ, "ಮೆಸೇಜ್ ಬಂತು, ಈಗ ನಾ ಬರಲೋ ಬ್ಯಾಡೋ?" ಅಂದರು.

ಒಬ್ಬರದ್ದು ಮಾತ್ರ ಉಳಿಯಿತು. ಒಂದು ಕ್ಯಾಂಪಿನ ಅಜ್ಜ, ಎರಡು ಎಕರೆ, ಫೋನೇ ಇಲ್ಲ. ವರ್ಷಕ್ಕೆ ಎರಡು ಸಲ ನೆಲ್ಲು ತರುತ್ತಾರೆ, ವಾರ ಬಿಟ್ಟು ತಾವೇ ಬಂದು ಬೆಂಚಿನ ಮೇಲೆ ಕೂರುತ್ತಾರೆ. ಆದರೆ ಸಾಫ್ಟ್‌ವೇರ್ ಹತ್ತಂಕಿ ಇಲ್ಲದೆ ಮುಂದೆ ಬಿಡುವುದಿಲ್ಲ. ಅವರದ್ದನ್ನು 2147483647 ಅಂತಲೇ ಬಿಟ್ಟಿದ್ದೇನೆ. ಚೀಟಿ ಕೊಟ್ಟಾಗ, "ಇದೇನಪಾ, ನನಗೂ ಒಂದು ನಂಬರ್ ಬಂತಾ?" ಅಂತ ಕೇಳಿದರು. ಹೌದಜ್ಜ, ಇದು ಯಾವುದರಿಂದಲೂ ಭಾಗ ಆಗಲ್ಲ ಅಂದೆ. "ನನ್ನ ಹೊಲಕ್ಕೂ ಹಾಂಗ ಒಂದು ನಂಬರ್ ಹಾಕಿಕೊಡು, ಮಕ್ಕಳು ಮೂರು ಮಂದಿ ಅದಾರ" ಅಂದರು.

ನಾನು ಈಗ 21,000ದ ಹತ್ತಿರ ಇದ್ದೇನೆ. ಇನ್ನೂ ಸೊನ್ನೆ ಬಂದಿಲ್ಲ.